ಗಣಿತ, ಗೇಮ್ ಡಿಸೈನ್ ಎರಡನ್ನೂ ಪದವಿಯಲ್ಲಿ ಜೊತೆಗೇ ಓದಬಹುದೇ?

ದ್ವಿತೀಯ ಪಿಯುಸಿಯಲ್ಲಿ ಪಿಸಿಎಂಸಿ ಓದುತ್ತಿದ್ದೀರಿ, ಗಣಿತ ಇಷ್ಟ, ಮುಂದೆ ವಿಡಿಯೋ ಗೇಮ್ ಮಾಡುವ ಆಸೆ. ಎರಡನ್ನೂ ಒಟ್ಟಿಗೆ ಓದಲು ಹೋದರೆ ಎರಡೂ ಅರ್ಧಂಬರ್ಧ ಆಗುತ್ತದೆಯೇ ಎಂದು ಕೇಳಿದ್ದೀರಿ. ಮನೆಯಲ್ಲಿ ಎರಡು ದೋಣಿಯಲ್ಲಿ ಕಾಲಿಡಬೇಡ ಎನ್ನುತ್ತಿದ್ದಾರೆ ಎಂದೂ ಬರೆದಿದ್ದೀರಿ. ನಾನು ಶಿರಸಿ ಕಡೆಯವಳು. ಬಿ.ಎಸ್ಸಿ.ಯಲ್ಲಿ ಭೌತಶಾಸ್ತ್ರ, ಗಣಿತ, ಕಂಪ್ಯೂಟರ್ ಸೈನ್ಸ್ ಓದಿ, ಆಮೇಲೆ ಗೇಮ್ ಡಿಸೈನ್ ಕಲಿತು, ಒಂಬತ್ತು ವರ್ಷದಿಂದ ಬೆಂಗಳೂರಿನಲ್ಲಿ ಗೇಮ್ ಮಾಡುವ ಕೆಲಸದಲ್ಲಿದ್ದೇನೆ. ನನ್ನ ಸಲಹೆ ಇಷ್ಟು: ಗಣಿತವನ್ನು ಪದವಿಯಲ್ಲಿ ಗಟ್ಟಿಯಾಗಿ ಓದಿ, ಗೇಮನ್ನು ಮೊದಲ ಸೆಮಿಸ್ಟರಿನಿಂದಲೇ ಕೈಯಾರೆ ಮಾಡುತ್ತ ಬನ್ನಿ. ಯಾಕೆ ಹೀಗೆ ಹೇಳುತ್ತೇನೆ ಅಂತ ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ಇವೆರಡೂ ಎಲ್ಲಿ ಕೂಡುತ್ತವೆ ಎಂದು ನನಗೆ ತಿಳಿದದ್ದು ಚೌಕಾಬಾರದಿಂದ. ಮಳೆಗಾಲದಲ್ಲಿ ಅಜ್ಜಿಮನೆಯ ಜಗಲಿ ಮೇಲೆ ಸೀಮೆಸುಣ್ಣದಲ್ಲಿ ಐದೈದು ಮನೆ ಬರೆದುಕೊಂಡು ಆಡುತ್ತಿದ್ದೆವು. ಮಕ್ಕಳಿಗೆ ಕವಡೆ ಕೊಡುತ್ತಿರಲಿಲ್ಲ, ಹುಣಸೆಬೀಜ. ಒಂದು ಮಗ್ಗುಲನ್ನು ಕಲ್ಲಿಗೆ ತೇಯ್ದು ಬಿಳಿ ಮಾಡಿದ ನಾಲ್ಕು ಬೀಜ. ಎಷ್ಟು ಬಿಳಿ ಮೇಲೆ ಬಿತ್ತೋ ಅಷ್ಟು ಮನೆ ನಡೆಸುವುದು. ನಾಲ್ಕೂ ಬಿಳಿಯಾದರೆ ಚೌಕ, ನಾಲ್ಕೂ ಕಪ್ಪಾದರೆ ಬಾರಾ, ಅಂದರೆ ಎಂಟು. ಚೌಕ, ಬಾರಾ ಬಿದ್ದವರು ಇನ್ನೊಂದು ಸಲ ಹಾಕಬಹುದು.

ಬಿ.ಎಸ್ಸಿ. ಎರಡನೇ ವರ್ಷ ಸಂಭವನೀಯತೆಯ ಪಾಠದಲ್ಲಿ ದ್ವಿಪದ ವಿತರಣೆ (ಇಷ್ಟು ಸಲ ಹಾಕಿದರೆ ಎಷ್ಟು ಸಲ ಬಿಳಿ ಬೀಳಬಹುದು ಎಂಬಂಥ ಲೆಕ್ಕ) ಬಂದಾಗ ನನಗೆ ಈ ಬೀಜಗಳು ನೆನಪಾದವು. ಬಿಳಿ, ಕಪ್ಪು ಸಮಸಮ ಬೀಳುವುದಾದರೆ 16 ಸಲದಲ್ಲಿ 4 ಸಲ ಒಂದು, 6 ಸಲ ಎರಡು, 4 ಸಲ ಮೂರು, 1 ಸಲ ಚೌಕ, 1 ಸಲ ಬಾರಾ. ಸರಾಸರಿ ಎರಡೂವರೆ ಮನೆ. ಮತ್ತೆ ಹಾಕುವ ಅವಕಾಶವನ್ನೂ ಲೆಕ್ಕಕ್ಕೆ ತಂದರೆ ಒಬ್ಬರ ಸರದಿಗೆ 20/7, ಸುಮಾರು 2.86 ಮನೆ. ಆ ರಜೆಯಲ್ಲಿ ಊರಿಗೆ ಹೋದಾಗ ಅಜ್ಜಿಯ ಡಬ್ಬಿಯಲ್ಲಿದ್ದ ಬೀಜಗಳನ್ನು 500 ಸಲ ಹಾಕಿ ಬರೆದುಕೊಂಡೆ. ಬಿಳಿ ಮೇಲೆ ಬಿದ್ದದ್ದು ನೂರಕ್ಕೆ ಸುಮಾರು ನಲವತ್ತು. ಇಷ್ಟೇ ವ್ಯತ್ಯಾಸ, ಆದರೆ ಪರಿಣಾಮ ನೋಡಿ: ಬಾರಾ ಬೀಳುವ ಸಂಭವ 0.6ರ ನಾಲ್ಕನೇ ಘಾತ, ಅಂದರೆ 0.1296. ಸಮ ಬೀಜದಲ್ಲಿ ಅದು 0.0625 ಮಾತ್ರ. ಎರಡು ಪಟ್ಟಿಗಿಂತ ಜಾಸ್ತಿ ಆಯಿತು.

ಇದನ್ನು ಅಜ್ಜಿಗೆ ಹೇಳಿದೆ. ಅವರಿಗೆ ಆಶ್ಚರ್ಯವೇ ಆಗಲಿಲ್ಲ. "ಬಾರಾ ಬೀಳ್ದೇ ಇದ್ರೆ ಮಕ್ಕಳು ಅರ್ಧಕ್ಕೇ ಎದ್ದು ಹೋಗ್ತಾವೆ, ಅದಕ್ಕೇ ನಿಮಗೆ ಆ ಬೀಜ" ಎಂದರು. ಎಷ್ಟೋ ಬೀಜ ತೇಯ್ದು, ಆಡಿಸಿ ನೋಡಿ, ಬಾರಾ ಚೆನ್ನಾಗಿ ಬೀಳುವಂಥವನ್ನು ಮಾತ್ರ ಆ ಡಬ್ಬಿಗೆ ಹಾಕಿದ್ದರು. 0.1296 ಎಂದು ಕಂಡುಕೊಂಡದ್ದು ನನ್ನ ಗಣಿತ. ಯಾವ ಮಗು ಯಾವಾಗ ಎದ್ದು ಹೋಗುತ್ತದೆ ಎಂದು ಬಲ್ಲದ್ದು ಅಜ್ಜಿಯ ಡಿಸೈನ್. ಇವತ್ತು ನಾನು ಮಾಡುವ ಕೆಲಸದಲ್ಲಿ ಬಹುಪಾಲು ಇದೇ.

ಕಂಪ್ಯೂಟರ್ ಗೇಮಿನಲ್ಲೂ ಇದು ಹೀಗೇ ನಡೆಯುತ್ತದೆ. ಜಪಾನಿನ ಫೈರ್ ಎಂಬ್ಲಮ್ ಸರಣಿಯಲ್ಲಿ ಪ್ರತಿ ಏಟಿನ ಮೊದಲು ಅದು ತಾಗುವ ಸಂಭವವನ್ನು ಪರದೆಯ ಮೇಲೆ ತೋರಿಸುತ್ತಾರೆ. 2002ರಲ್ಲಿ ಬಂದ ಆಟದಿಂದ ಒಂದು ಬದಲಾವಣೆ ಆಯಿತು: ಯಾದೃಚ್ಛಿಕ ಸಂಖ್ಯೆ ಒಂದರ ಬದಲು ಎರಡು ತೆಗೆದು ಸರಾಸರಿ ಮಾಡತೊಡಗಿದರು; ಆ ಸರಾಸರಿ ಪರದೆಯ ಸಂಖ್ಯೆಗಿಂತ ಕಡಿಮೆ ಇದ್ದರೆ ಏಟು ತಾಗುತ್ತದೆ. ಪರದೆಯ ಮೇಲೆ 90 ಎಂದಿದ್ದರೆ ನಿಜದಲ್ಲಿ ನೂರಕ್ಕೆ 98.1 ಸಲ ತಾಗುತ್ತದೆ. 0ಯಿಂದ 99ರವರೆಗಿನ ಎರಡು ಸಂಖ್ಯೆಗಳ ಮೊತ್ತ 180 ಅಥವಾ ಹೆಚ್ಚಾಗುವ ಜೋಡಿಗಳು 10,000ದಲ್ಲಿ 190 ಮಾತ್ರ; ನೀವೇ ಎಣಿಸಿ ನೋಡಬಹುದು. ತೊಂಬತ್ತು ಎಂದರೆ ಹೆಚ್ಚುಕಡಿಮೆ ಗ್ಯಾರಂಟಿ ಎಂದೇ ನಮ್ಮ ಮನಸ್ಸು ಓದಿಕೊಳ್ಳುತ್ತದೆ, ಹತ್ತರಲ್ಲಿ ಒಂದು ಸಲ ತಪ್ಪಿದರೂ ಮೋಸ ಅನ್ನಿಸುತ್ತದೆ. ಸಿವಿಲೈಸೇಷನ್ ಆಟವನ್ನು ರೂಪಿಸಿದ ಸಿಡ್ ಮೆಯರ್ ಕೂಡ 2010ರ ಗೇಮ್ ಡೆವಲಪರ್ಸ್ ಕಾನ್ಫರೆನ್ಸಿನಲ್ಲಿ ಇದನ್ನೇ ವಿವರಿಸಿದ್ದರು: ಎದುರಾಳಿಯ ಮೂರು ಪಟ್ಟು ಬಲ ತಮ್ಮ ಕಡೆ ಇದ್ದಾಗ ಸೋಲಾದರೆ ಆಟಗಾರರು ಅದನ್ನು ಒಪ್ಪುವುದಿಲ್ಲ. ಹೀಗೆ ಎಲ್ಲಿ ಲೆಕ್ಕವನ್ನು ಬಾಗಿಸಬೇಕು ಎಂದು ತಿಳಿಯಬೇಕಾದರೆ ಮೊದಲು ನೇರ ಲೆಕ್ಕ ನೀರು ಕುಡಿದಷ್ಟು ಸಲೀಸಾಗಿ ಬರಬೇಕು.

ಇನ್ನು ನನ್ನ ತಪ್ಪೊಂದನ್ನು ಹೇಳಬೇಕು. ಸಂಖ್ಯಾತ್ಮಕ ವಿಧಾನಗಳ ಪತ್ರಿಕೆಯನ್ನು ನಾನು ಬರೀ ಪರೀಕ್ಷೆಗೆಂದು ಬಾಯಿಪಾಠ ಮಾಡಿದ್ದೆ. ಮೂರನೇ ವರ್ಷ ಗೆಳತಿಯ ಜೊತೆ ಜೋಕಾಲಿಯ ಗೇಮ್ ಮಾಡುವಾಗ ಹಗ್ಗಕ್ಕೆ ಸ್ಪ್ರಿಂಗಿನ ಸಮೀಕರಣ ಹಾಕಿದೆವು. ಆಟ ಶುರುವಾದ ಐದೇ ಸೆಕೆಂಡಿಗೆ ಹಗ್ಗ ಪರದೆ ದಾಟಿ ಹಾರಿಹೋಗುತ್ತಿತ್ತು. ಎರಡು ವಾರ ಕೋಡ್ ತಡಕಾಡಿದೆವು. ಕೋಡಿನಲ್ಲಿ ತಪ್ಪೇ ಇರಲಿಲ್ಲ, ತೊಂದರೆ ಇದ್ದದ್ದು ಆಯ್ಲರ್ ವಿಧಾನದಲ್ಲಿ, ಅಂದರೆ ಈ ಫ್ರೇಮಿನ ಸ್ಥಾನ, ವೇಗಗಳಿಂದಲೇ ಮುಂದಿನ ಫ್ರೇಮಿನವನ್ನು ಅಂದಾಜಿಸುವುದರಲ್ಲಿ. ಸ್ಪ್ರಿಂಗಿನ ಬಿಗಿತವನ್ನು ದ್ರವ್ಯರಾಶಿಯಿಂದ ಭಾಗಿಸಿದರೆ 100 ಬರುತ್ತಿತ್ತು, ಸೆಕೆಂಡಿಗೆ 60 ಫ್ರೇಮ್. ಲೆಕ್ಕ ಹಾಕಿದರೆ ತೂಗಾಟ ಪ್ರತಿ ಫ್ರೇಮಿಗೆ ಶೇಕಡಾ 1.4ರಷ್ಟು ಹಿಗ್ಗುತ್ತದೆ, ಒಂದು ಸೆಕೆಂಡಿಗೆ ಎರಡೂಕಾಲು ಪಟ್ಟು, ಐದು ಸೆಕೆಂಡಿಗೆ ಸುಮಾರು 60 ಪಟ್ಟು. ಪರಿಹಾರ ಎರಡು ಸಾಲುಗಳನ್ನು ಅದಲುಬದಲು ಮಾಡುವುದು: ಮೊದಲು ವೇಗವನ್ನು ಬದಲಿಸಿ, ಆ ಹೊಸ ವೇಗದಿಂದ ಸ್ಥಾನವನ್ನು ಲೆಕ್ಕ ಮಾಡುವುದು. ಅಷ್ಟು ಮಾಡಿದ್ದೇ ಜೋಕಾಲಿ ತಣ್ಣಗೆ ತೂಗತೊಡಗಿತು. ಆ ರಾತ್ರಿ ಹಳೆಯ ನೋಟ್ಸ್ ತೆಗೆದು ಇಡೀ ಅಧ್ಯಾಯವನ್ನು ಮೊದಲಿನಿಂದ ಓದಿದೆ. ಅದೇ ಅಧ್ಯಾಯ, ಆದರೆ ಈ ಸಲ ಪ್ರತಿ ಸಾಲೂ ನನಗೆ ಬೇಕಾಗಿತ್ತು. ಓದು, ಆಟ ಎರಡೂ ಜೊತೆಜೊತೆಗೆ ನಡೆಯಬೇಕು ಎನ್ನುವುದು ಇದಕ್ಕೇ.

ಉಳಿದ ವಿಷಯಗಳಲ್ಲಿ ರೇಖೀಯ ಬೀಜಗಣಿತ (ವೆಕ್ಟರ್, ಮ್ಯಾಟ್ರಿಕ್ಸ್‌ಗಳ ಗಣಿತ) ದಿನವೂ ಬೇಕು, ಅದರಲ್ಲಿ ರಾಜಿ ಬೇಡ. ಮೂರು ಆಯಾಮದಲ್ಲಿ ಏನನ್ನಾದರೂ ತಿರುಗಿಸಬೇಕಾದರೆ ಕ್ವಾಟರ್ನಿಯನ್ ಎಂಬ, ನಾಲ್ಕು ಭಾಗಗಳಿರುವ ಒಂದು ಬಗೆಯ ಸಂಖ್ಯೆ ಬರುತ್ತದೆ. 1843ರ ಅಕ್ಟೋಬರ್ 16ರಂದು ಡಬ್ಲಿನ್ನಿನ ಕಾಲುವೆ ದಂಡೆಯಲ್ಲಿ ನಡೆದು ಹೋಗುವಾಗ ಐರ್ಲೆಂಡಿನ ಗಣಿತಜ್ಞ ಹ್ಯಾಮಿಲ್ಟನ್ನರಿಗೆ ಅದರ ಸೂತ್ರ ಹೊಳೆಯಿತು, ಅಲ್ಲೇ ಸೇತುವೆಯ ಕಲ್ಲಿನ ಮೇಲೆ ಕೆತ್ತಿದರಂತೆ. 1985ರಲ್ಲಿ ಕೆನ್ ಶೂಮೇಕ್ ಅದನ್ನು ಅನಿಮೇಷನ್ನಿಗೆ ತಂದರು. ದಾರಿ ಹುಡುಕುವ ಪಾತ್ರಗಳಿಗೆ ಗ್ರಾಫ್ ಸಿದ್ಧಾಂತ (ಬಿಂದುಗಳು, ಅವುಗಳನ್ನು ಕೂಡಿಸುವ ದಾರಿಗಳ ಗಣಿತ) ಬೇಕು. ನೈಜ ವಿಶ್ಲೇಷಣೆಯನ್ನು (ಕ್ಯಾಲ್ಕುಲಸ್ಸಿನ ತಳಹದಿಯನ್ನು ಸಾಧಿಸಿ ತೋರಿಸುವ ಗಣಿತ) ನಾನು ಕೆಲಸದಲ್ಲಿ ನೇರವಾಗಿ ಬಳಸುವುದು ಅಪರೂಪ, ಆದರೂ ಅದನ್ನು ಓದಿದ್ದಕ್ಕೆ ನನಗೆ ಬೇಸರವಿಲ್ಲ.

ಎಲ್ಲಿ ಓದಬೇಕು ಎಂಬುದಕ್ಕೆ ಬರುತ್ತೇನೆ. ಗಣಿತ, ಕಂಪ್ಯೂಟರ್ ಸೈನ್ಸ್ ಎರಡೂ ಇರುವ ಬಿ.ಎಸ್ಸಿ. ನಮ್ಮ ಬಹಳಷ್ಟು ಜಿಲ್ಲೆಗಳಲ್ಲಿ ಸಿಗುತ್ತದೆ, ಸರ್ಕಾರಿ ಕಾಲೇಜಾದರೆ ಫೀಸೂ ಕಡಿಮೆ. ಗಣಿತವೇ ಪ್ರಾಣ ಎನ್ನುವವರಿಗೆ ಬೆಂಗಳೂರಿನ ಐಎಸ್‌ಐನಲ್ಲಿ (ಇಂಡಿಯನ್ ಸ್ಟಾಟಿಸ್ಟಿಕಲ್ ಇನ್‌ಸ್ಟಿಟ್ಯೂಟ್) ಗಣಿತದ ಪದವಿ ಬಿ.ಮ್ಯಾತ್ ಇದೆ, ಪ್ರವೇಶ ಪರೀಕ್ಷೆ ಕಠಿಣ, ಸೇರಿದ ಮೇಲೆ ಗೇಮಿಗೆ ಸಮಯ ಹೊಂದಿಸಿಕೊಳ್ಳುವುದೂ ಕಷ್ಟವೇ. ಪದವಿಯ ನಂತರ ಡಿಸೈನ್ ಓದಬೇಕೆನಿಸಿದರೆ ಎನ್‌ಐಡಿಯ (ನ್ಯಾಷನಲ್ ಇನ್‌ಸ್ಟಿಟ್ಯೂಟ್ ಆಫ್ ಡಿಸೈನ್) ಬೆಂಗಳೂರು ಕ್ಯಾಂಪಸ್ಸಿನಲ್ಲಿ ಡಿಜಿಟಲ್ ಗೇಮ್ ಡಿಸೈನ್ ವಿಷಯದ ಎಂ.ಡಿಸ್. ಇದೆ. ಹೊರದೇಶದಲ್ಲಿ ಸ್ಕಾಟ್ಲೆಂಡಿನ ಡಂಡೀಯ ಅಬರ್ಟೇ ವಿಶ್ವವಿದ್ಯಾಲಯ 1997ರಲ್ಲೇ ಕಂಪ್ಯೂಟರ್ ಗೇಮ್ ಪದವಿ ಶುರು ಮಾಡಿತು. ಅಮೆರಿಕದ ರೆಡ್‌ಮಂಡ್‌ನ ಡಿಜಿಪೆನ್ ಗಣಿತ, ಪ್ರೋಗ್ರಾಮಿಂಗ್ ಎರಡನ್ನೂ ಗೇಮಿನ ಸುತ್ತ ಕಟ್ಟಿ ಕಲಿಸುತ್ತದೆ. ಆದರೆ ಅಷ್ಟು ದೂರ ಹೋಗಲು ಮನೆಯವರು ಜಮೀನು ಅಡವಿಡಬೇಕಾಗಿದ್ದರೆ ದಯವಿಟ್ಟು ಬೇಡ. ಬಿ.ಎಸ್ಸಿ. ಮುಗಿಸಿ, ಕೈಯಲ್ಲಿ ಎರಡು ಮೂರು ಗೇಮ್ ಇಟ್ಟುಕೊಂಡು ಆಮೇಲೆ ಯೋಚಿಸಿ.

ಖಾಸಗಿ ಡಿಪ್ಲೊಮಾಗಳ ವಿಚಾರದಲ್ಲಿ ಮಾತ್ರ ಎಚ್ಚರಿಕೆಯಿಂದಿರಿ. ನನ್ನ ಚಿಕ್ಕಪ್ಪನ ಮಗ ಲಕ್ಷಗಟ್ಟಲೆ ಕಟ್ಟಿ ಒಂದು ಕಡೆ ಸೇರಿದ. ಎರಡು ವರ್ಷ ಸಾಫ್ಟ್‌ವೇರಿನಲ್ಲಿ ಯಾವ ಬಟನ್ ಎಲ್ಲಿದೆ ಎಂದು ಕಲಿಸಿದರು, ಅಷ್ಟರಲ್ಲಿ ಸಾಫ್ಟ್‌ವೇರಿನ ಹೊಸ ಆವೃತ್ತಿ ಬಂತು. ದುಡ್ಡು ಕಟ್ಟುವ ಮುಂಚೆ ಎರಡು ಕೇಳಿ: ಸಿಲಬಸ್ಸಿನಲ್ಲಿ ಸಂಭವನೀಯತೆ, ರೇಖೀಯ ಬೀಜಗಣಿತ ಇವೆಯೇ? ಹಿಂದಿನ ವರ್ಷದ ವಿದ್ಯಾರ್ಥಿಗಳು ಮಾಡಿದ ಗೇಮ್ ಆಡಲು ಕೊಡುತ್ತೀರಾ? ಕೊಡದಿದ್ದರೆ ವಾಪಸ್ ಬಂದುಬಿಡಿ.

ಪಿಯುಸಿ ಪರೀಕ್ಷೆ, ಸಿಇಟಿ ಮುಗಿದ ಮೇಲೆ ಸಿಗುವ ರಜೆಯಲ್ಲಿ ಗೋಡೋ (Godot) ಎಂಬ ಗೇಮ್ ಇಂಜಿನ್, ಅಂದರೆ ಗೇಮ್ ಕಟ್ಟುವ ಸಾಫ್ಟ್‌ವೇರ್, ಇಳಿಸಿಕೊಳ್ಳಿ, ಅದು ಪೂರ್ತಿ ಉಚಿತ. ಅದರಲ್ಲಿ ಚೌಕಾಬಾರ ಕಟ್ಟಿ. ಬಿಳಿ ಬೀಳುವ ಸಂಭವವನ್ನು ಬದಲಿಸಬಲ್ಲ ಒಂದು ಸಂಖ್ಯೆಯಾಗಿ ಇಟ್ಟುಕೊಳ್ಳಿ, 0.5 ಹಾಕಿ ಒಂದು ಸಲ, 0.4 ಹಾಕಿ ಇನ್ನೊಂದು ಸಲ ಮನೆಯವರನ್ನು ಕೂರಿಸಿ ಆಡಿಸಿ. ನೀವು ಬಾಯಿ ಬಿಡದೆ ಪಕ್ಕದಲ್ಲಿ ಕೂತು, ಯಾರು ಯಾವ ಹೊತ್ತಿಗೆ ಫೋನ್ ಕೈಗೆತ್ತಿಕೊಂಡರು ಎಂದು ಬರೆದುಕೊಳ್ಳಿ. ಬರೆದದ್ದನ್ನು ಇಲ್ಲಿ ಹಾಕಿದರೆ ನಾನು ಖಂಡಿತ ಓದುತ್ತೇನೆ.