ಬೋರ್ ಮಾಡಿಸಿದ ಎಂಜಿನ್ನಿಗೆ ಯಾವ ಏರ್ ಫಿಲ್ಟರ್?

ಪ್ರಶ್ನೆ: ನನ್ನ 350 ಸಿಸಿ ಸಿಂಗಲ್ ಸಿಲಿಂಡರ್ ಬೈಕಿನ ಎಂಜಿನ್ನನ್ನು ಬೋರ್ ಮಾಡಿಸಿ, ಅಂದರೆ ಸಿಲಿಂಡರನ್ನು ಕೊರೆದು ಅಗಲಿಸಿ 400 ಸಿಸಿಗೆ ಏರಿಸಿ, ಕ್ಯಾಮ್ ಮತ್ತು ಸೈಲೆನ್ಸರ್ ಬದಲಿಸಿದ್ದೇನೆ. ಕಾರ್ಬ್ಯುರೇಟರ್ ಹಳೆಯ ಸಿ.ವಿ. (ಗಾಳಿಯ ಒತ್ತಡದ ವ್ಯತ್ಯಾಸದಿಂದ ಸ್ಲೈಡ್ ತಾನಾಗಿ ಮೇಲೇಳುವ) ಮಾದರಿಯದೇ. ಏರ್ ಬಾಕ್ಸ್ (ಫಿಲ್ಟರ್ ಕೂರುವ ಡಬ್ಬ) ತೆಗೆದು ಕಾರ್ಬ್ಯುರೇಟರಿನ ಬಾಯಿಗೇ ಕೋನ್ ಫಿಲ್ಟರ್ ಕೂರಿಸುವಂತೆ ಮೆಕ್ಯಾನಿಕ್ ಹೇಳುತ್ತಿದ್ದಾರೆ. ಹತ್ತಿಯ ಫಿಲ್ಟರ್ ಒಳ್ಳೆಯದೋ, ಫೋಮಿನದೋ?

ಉತ್ತರ: ಹತ್ತಿಯೋ ಫೋಮೋ ಎನ್ನುವುದಕ್ಕೆ ಮೊದಲು ಬಾಕ್ಸನ್ನು ತೆಗೆಯಬೇಕೇ ಎಂಬುದು ತೀರ್ಮಾನವಾಗಬೇಕು; ತೆಗೆಯಬಾರದೆಂಬುದು ನಮ್ಮ ಅಭಿಪ್ರಾಯ. ಫೋರ್ ಸ್ಟ್ರೋಕ್ ಎಂಜಿನ್ ಎರಡು ಸುತ್ತಿಗೊಮ್ಮೆ ಗಾಳಿ ಎಳೆದುಕೊಳ್ಳುತ್ತದೆ. ಪ್ರತಿ ಸಲವೂ ಸಿಲಿಂಡರ್ ಪೂರ್ತಿ ತುಂಬುತ್ತದೆಂದು ಲೆಕ್ಕ ಹಾಕಿದರೂ, 6000 ಆರ್‌ಪಿಎಂನಲ್ಲಿ ನಿಮ್ಮ ಎಂಜಿನ್ನಿಗೆ ನಿಮಿಷಕ್ಕೆ 1200 ಲೀಟರ್ ಗಾಳಿ ಬೇಕು. ಬೋರ್ ಮಾಡಿಸುವ ಮೊದಲು ಇದೇ ಲೆಕ್ಕದಲ್ಲಿ 1050 ಲೀಟರ್ ಬೇಕಿತ್ತು. ಹೆಚ್ಚಳ ಶೇ. 14ರಷ್ಟೇ. ಆದರೆ ಒಂದೇ ಸಿಲಿಂಡರಿನ ಎಂಜಿನ್ ಗಾಳಿಯನ್ನು ಒಂದೇ ಸಮನೆ ಎಳೆಯುವುದಿಲ್ಲ. ನಾಲ್ಕರಲ್ಲಿ ಹೆಚ್ಚುಕಡಿಮೆ ಒಂದು ಸ್ಟ್ರೋಕಿನಲ್ಲಿ ಮಾತ್ರ ಎಳೆಯುವುದರಿಂದ, ಆ ಕ್ಷಣದ ಹರಿವು ಸರಾಸರಿಯ ನಾಲ್ಕು ಪಟ್ಟಿನ ಹತ್ತಿರಕ್ಕೆ ಏರುತ್ತದೆ. ಬಾಕ್ಸಿನೊಳಗೆ ದಾಸ್ತಾನಾಗಿರುವ ಗಾಳಿ ಈ ಹಠಾತ್ ಬೇಡಿಕೆಯನ್ನು ಪೂರೈಸುತ್ತದೆ, ಉಳಿದ ಸಮಯದಲ್ಲಿ ಹೊರಗಿನ ಗಾಳಿ ಬಂದು ಅದನ್ನು ತುಂಬುತ್ತದೆ. ಸಣ್ಣ ಕೋನ್ ಫಿಲ್ಟರಿನಲ್ಲಿ ಅಂಥ ದಾಸ್ತಾನಿಗೆ ಜಾಗವೇ ಇಲ್ಲ.

ಸಿ.ವಿ. ಕಾರ್ಬ್ಯುರೇಟರಿನಲ್ಲಿ ಇನ್ನೊಂದು ತೊಡಕಿದೆ. ಹಲವು ಮಾದರಿಗಳಲ್ಲಿ, ಸ್ಲೈಡನ್ನು ಎತ್ತುವ ರಬ್ಬರ್ ಪೊರೆಯಾದ ಡಯಾಫ್ರಾಮಿನ ಕೆಳಭಾಗಕ್ಕೆ ಗಾಳಿ ಹೋಗುವ ರಂಧ್ರ ಬಾಯಿಯ ಅಂಚಿನಲ್ಲೇ ಇರುತ್ತದೆ. ಕೋನಿನ ರಬ್ಬರ್ ಕತ್ತು ಅದನ್ನು ಮುಚ್ಚಿಬಿಟ್ಟರೆ ಗಾಳಿಯ ದಾರಿ ತೆರೆಯುವ ಸ್ಲೈಡ್ ಸರಿಯಾಗಿ ಮೇಲೇಳುವುದಿಲ್ಲ, ಆಗ ಎಷ್ಟು ಜೆಟ್ (ಪೆಟ್ರೋಲ್ ಅಳೆದು ಬಿಡುವ ಸಣ್ಣ ರಂಧ್ರದ ಬಿಡಿಭಾಗ) ಬದಲಿಸಿದರೂ ಬೈಕು ಎಳೆಯುವುದಿಲ್ಲ. ಜೊತೆಗೆ ತೆರೆದ ಕೋನ್ ಎಂಜಿನ್ನಿನ ಸುತ್ತಲ ಬಿಸಿ ಗಾಳಿಯನ್ನೇ ಎಳೆದುಕೊಳ್ಳುತ್ತದೆ, ಮಳೆಯಲ್ಲಿ ನೆನೆಯುತ್ತದೆ. ಸದ್ದೇನೋ ಜೋರಾಗುತ್ತದೆ, ಅದನ್ನೇ ಪವರ್ ಎಂದುಕೊಳ್ಳುವವರೂ ಕಡಿಮೆಯಿಲ್ಲ.

ಆದ್ದರಿಂದ ಬಾಕ್ಸಿನೊಳಗೇ ಕೂರುವ, ಮಡಿಕೆಗಳನ್ನು ಬಿಡಿಸಿದರೆ ಹೆಚ್ಚು ವಿಸ್ತೀರ್ಣವಿರುವ ಫಿಲ್ಟರನ್ನು ಆರಿಸಿಕೊಳ್ಳಿ. ಡೈನೋ (ಪವರ್ ಅಳೆಯುವ ಯಂತ್ರ) ಸೌಲಭ್ಯವಿದ್ದರೆ, ಧೂಳಿಲ್ಲದ ಜಾಗದಲ್ಲಿ ಫಿಲ್ಟರ್ ಇಟ್ಟು ಒಮ್ಮೆ, ತೆಗೆದು ಒಮ್ಮೆ, ಎರಡು ಸಲವೂ ಗಾಳಿ-ಪೆಟ್ರೋಲ್ ಮಿಶ್ರಣವನ್ನು ಹೊಂದಿಸಿಕೊಂಡು ಓಡಿಸಿ ನೋಡಿ. ಪವರ್‌ನಲ್ಲಿ ವ್ಯತ್ಯಾಸ ಕಾಣದಿದ್ದರೆ ನಿಮ್ಮ ಎಂಜಿನ್ನಿಗೆ ಫಿಲ್ಟರ್ ಅಡ್ಡಿಯಾಗಿಲ್ಲ, ಅದಕ್ಕೆ ಇನ್ನಷ್ಟು ಹಣ ಸುರಿಯುವ ಅಗತ್ಯವೂ ಇಲ್ಲ.

ಇನ್ನು ನೀವು ಕೇಳಿದ ವಿಷಯ. ಹತ್ತಿ, ಫೋಮ್ ಎರಡರಲ್ಲೂ ಸಣ್ಣ ಧೂಳನ್ನು ಹಿಡಿಯುವ ಕೆಲಸ ಬಹುಪಾಲು ಎಣ್ಣೆಯದು. ಎಣ್ಣೆಯಾರಿದ ಫಿಲ್ಟರಿನಿಂದ ನುಸುಳಿದ ಮರಳಿನ ಕಣಗಳು ಪಿಸ್ಟನ್ ರಿಂಗನ್ನೂ ಬೋರನ್ನೂ ಸವೆಸುತ್ತವೆ. ಕೆಸರು, ಮಣ್ಣಿನ ದಾರಿಗಳಿಗೆ ಫೋಮ್ ವಾಸಿ. ನಿಯಮಿತವಾಗಿ ತೊಳೆದು ಎಣ್ಣೆ ಹಾಕುವ ವ್ಯವಧಾನವಿದ್ದರೆ ಹತ್ತಿಯದು ನಡೆಯುತ್ತದೆ, ಇಲ್ಲದಿದ್ದರೆ ದೊಡ್ಡ ಅಳತೆಯ ಕಾಗದದ ಫಿಲ್ಟರೇ ಸಾಕು. ಕೊಳ್ಳುವಾಗ ಐಎಸ್ಒ 5011 ಪರೀಕ್ಷೆಯ ಫಲಿತಾಂಶ ಕೊಟ್ಟಿದ್ದಾರೆಯೇ ನೋಡಿ. ಗಾಳಿಗೆ ಆಗುವ ತಡೆ, ಧೂಳು ಹಿಡಿಯುವ ಪ್ರಮಾಣ ಎರಡೂ ಅದರಲ್ಲಿರುತ್ತವೆ.

ಫಿಲ್ಟರ್ ಹಾಕಿದ ಮೇಲೆ ಪೆಟ್ರೋಲ್ ಪ್ರಮಾಣವನ್ನು ಪರಿಶೀಲಿಸಲೇಬೇಕು. ಪ್ಲಗ್ಗಿನ ತುದಿ ಬೆಳ್ಳಗಾದರೆ, ಏರು ದಾರಿಯಲ್ಲಿ ಎಂಜಿನ್ ಟಣಟಣ ಎಂದರೆ ಪೆಟ್ರೋಲ್ ಸಾಲದಿರಬಹುದು; ಮೇನ್ ಜೆಟ್ಟನ್ನು ಒಂದು ಅಳತೆ ಹೆಚ್ಚಿಸಿ ನೋಡಿ. ಕ್ರ್ಯಾಂಕ್‌ಕೇಸಿನಿಂದ ಬಾಕ್ಸಿಗೆ ಬರುವ ಬ್ರೀದರ್ ಪೈಪನ್ನು ಯಾವ ಕಾರಣಕ್ಕೂ ಮುಚ್ಚಬೇಡಿ. ಮುಚ್ಚಿದರೆ ಎಂಜಿನ್ನಿನ ಒಳಗಿನ ಒತ್ತಡ ಆಯಿಲ್ ಸೀಲುಗಳನ್ನು ಹೊರಕ್ಕೆ ತಳ್ಳುತ್ತದೆ.