ಮನೆಯಲ್ಲೇ ಹೈ ವೋಲ್ಟೇಜ್ ಹೆಡ್‌ಫೋನ್ ಆಂಪ್ಲಿಫೈಯರ್ ಕಟ್ಟಬಹುದಾ? ಅದರ ಅಸಲಿ ಟ್ರಾನ್ಸಿಸ್ಟರ್ ಎಲ್ಲಿ ಸಿಗುತ್ತದೆ?

ಮೊದಲು ಚಿಕ್ಕ ಉತ್ತರ: ಕಟ್ಟಬಹುದು. ಆದರೆ ಆನ್‌ಲೈನ್‌ನಲ್ಲಿ ತೀರಾ ಅಗ್ಗಕ್ಕೆ ಕಂಡ ಆ ಹತ್ತು ಟ್ರಾನ್ಸಿಸ್ಟರ್‌ಗಳ ಪ್ಯಾಕ್ ಮಾತ್ರ ತಗೋಬೇಡಿ.

ನಿಮ್ಮ ಪ್ರಶ್ನೆ ನನಗೆ ಅರ್ಥವಾಗಿದ್ದು ಹೀಗೆ. ಯಾರೋ ಬಳಸಿದ ಸ್ಟ್ಯಾಕ್ಸ್ ಕಂಪನಿಯ ಎಲೆಕ್ಟ್ರೋಸ್ಟ್ಯಾಟಿಕ್ ಹೆಡ್‌ಫೋನ್, ಅಂದರೆ ನೂರಾರು ವೋಲ್ಟಿನಲ್ಲಿ ನಡೆಯುವಂಥದ್ದು, ನಿಮ್ಮ ಕೈಗೆ ಬಂದಿದೆ, ಜೊತೆಗೆ ಆಂಪ್ ಇಲ್ಲ. ಆಪ್‌ಆಂಪ್ ಚಿಪ್ ಹಾಕಿ ಸಾಮಾನ್ಯ ಹೆಡ್‌ಫೋನ್ ಆಂಪ್ ಒಂದೆರಡು ಕಟ್ಟಿದ್ದೀರಿ. ಈಗ ಇಂಥ ಹೆಡ್‌ಫೋನ್‌ಗಳಿಗೆ ಆಂಪ್ ವಿನ್ಯಾಸ ಮಾಡುವ ಕೆವಿನ್ ಗಿಲ್‌ಮೋರ್ ಅವರ ಕೆಜಿಎಸ್‌ಎಸ್‌ಎಚ್‌ವಿ ಸರ್ಕ್ಯೂಟ್ ಇಟ್ಟುಕೊಂಡು ಕೂತಿದ್ದೀರಿ. ಅದರಲ್ಲಿರುವ 2ಎಸ್‌ಎ1968 ಟ್ರಾನ್ಸಿಸ್ಟರ್ ದೊಡ್ಡ ಅಂಗಡಿಗಳಲ್ಲಿ ಎಲ್ಲೂ ಇಲ್ಲ. ಒಬ್ಬ ಆನ್‌ಲೈನ್ ಮಾರಾಟಗಾರ ಮಾತ್ರ ಹತ್ತರ ಪ್ಯಾಕನ್ನು ತೀರಾ ಅಗ್ಗಕ್ಕೆ ಕೊಡುತ್ತಿದ್ದಾನೆ.

ನಾನು ಇಂಥ ಆಂಪ್ ಮೂರು ಕಟ್ಟಿದ್ದೇನೆ. ಮೊದಲನೆಯದು ನೀವು ಈಗ ಮಾಡುತ್ತಿರುವ ಹಾಗೇ ಕಟ್ಟಿದ್ದು. ಸರ್ಕ್ಯೂಟ್ ಮೊದಲು ಆರಿಸಿದೆ, ಆಮೇಲೆ ಪಾರ್ಟ್ ಹುಡುಕಲು ಹೊರಟೆ. ಅದು ತಿರುಗುಮುರುಗು ದಾರಿ. ಈ ಕೆಲಸದಲ್ಲಿ ಇವತ್ತು ಯಾವ ಪಾರ್ಟ್ ಅಸಲಿಯಾಗಿ ಸಿಗುತ್ತದೋ ಅದನ್ನು ನೋಡಿಕೊಂಡು ಸರ್ಕ್ಯೂಟ್ ಆರಿಸಬೇಕು.

ಇಷ್ಟು ವೋಲ್ಟೇಜ್ ಯಾಕೆ ಬೇಕು ಅನ್ನೋದನ್ನು ಬೇಗ ಹೇಳಿಬಿಡುತ್ತೇನೆ. ನಿಮ್ಮ ಹೆಡ್‌ಫೋನ್ ಒಳಗೆ ಕಾಯಿಲ್ ಇಲ್ಲ, ಮ್ಯಾಗ್ನೆಟ್ ಇಲ್ಲ. ತೂತುಗಳಿರುವ ಎರಡು ಲೋಹದ ತಟ್ಟೆಗಳು, ನಡುವೆ ಒಂದೆರಡು ಮೈಕ್ರಾನ್ ದಪ್ಪದ ಪ್ಲಾಸ್ಟಿಕ್ ಹಾಳೆ, ಅಷ್ಟೇ. ಹಾಳೆಗೆ 580 ವೋಲ್ಟ್ ಬಯಾಸ್, ಅಂದರೆ ಸದಾ ಒಂದೇ ಸಮ ಇರುವ ವೋಲ್ಟೇಜ್, ಕೊಡುತ್ತೇವೆ. ಹಳೆಯ ಆರು ಪಿನ್ನಿನ ಮಾಡೆಲ್‌ಗಳಿಗೆ 230 ವೋಲ್ಟ್ ಸಾಕು. ನಿಮ್ಮದರಲ್ಲಿ ಎಷ್ಟು ಪಿನ್ ಇದೆ ಅಂತ ಈಗಲೇ ಎಣಿಸಿಕೊಳ್ಳಿ. ಎರಡು ತಟ್ಟೆಗಳಿಗೆ ಆಂಪ್ ಎದುರುಬದುರು ಸಿಗ್ನಲ್ ಕೊಡುತ್ತದೆ. 100 ವೋಲ್ಟ್ ಆರ್‌ಎಂಎಸ್ (ಏರಿಳಿಯುವ ವೋಲ್ಟೇಜಿನ ಒಂದು ಬಗೆಯ ಸರಾಸರಿ) ಕೊಟ್ಟರೆ ಸುಮಾರು 101 ಡೆಸಿಬಲ್ ಸದ್ದು ಬರುತ್ತದೆ. ಸಂಗೀತದಲ್ಲಿ ಬರುವ ಪೀಕ್‌ಗಳಿಗೂ ಜಾಗ ಬೇಕು ಅಲ್ವಾ? ಅದಕ್ಕೇ ಪ್ಲಸ್ 400, ಮೈನಸ್ 400 ವೋಲ್ಟಿನ ಸಪ್ಲೈ.

ಕರೆಂಟ್ ಮಾತ್ರ ತೀರಾ ಕಮ್ಮಿ. ಹೆಡ್‌ಫೋನ್ ಮತ್ತು ಕೇಬಲ್ ಸೇರಿ ಸುಮಾರು 110 ಪಿಕೋಫ್ಯಾರಡ್‌ನ ಒಂದು ಕೆಪಾಸಿಟರ್ ಅಂದುಕೊಳ್ಳಿ. 20 ಕಿಲೋಹರ್ಟ್ಸ್‌ನಲ್ಲಿ 400 ವೋಲ್ಟ್ ಪೀಕ್ ತಲುಪಲು ಐದೂವರೆ ಮಿಲಿಆಂಪ್ ಸಾಕು. 1 ಕಿಲೋಹರ್ಟ್ಸ್‌ಗೆ ಅದರ ಇಪ್ಪತ್ತರಲ್ಲಿ ಒಂದು ಪಾಲು. ಅಂದರೆ ನಮಗೆ ಬೇಕಿರುವುದು ವಿಚಿತ್ರ ಜಾತಿಯ ಟ್ರಾನ್ಸಿಸ್ಟರ್: ಸಾವಿರದ ಹತ್ತಿರ ವೋಲ್ಟ್ ತಡೆಯಬೇಕು, ಕೆಲವೇ ಮಿಲಿಆಂಪ್ ಸಾಕು, ಒಳಗಿನ ಕೆಪಾಸಿಟೆನ್ಸ್ ಒಂದೆರಡು ಪಿಕೋಫ್ಯಾರಡ್ ಮೀರಬಾರದು.

ಇಂಥ ಟ್ರಾನ್ಸಿಸ್ಟರ್ ಬೇರೆ ಯಾರಿಗೆ ಬೇಕಿತ್ತು? ಡಬ್ಬಾ ಟಿವಿ ಮಾಡುವವರಿಗೆ. ಪಿಕ್ಚರ್ ಟ್ಯೂಬಿನ ಪರದೆ ಚಪ್ಪಟೆಯಾಗುತ್ತಾ ಹೋದ ಹಾಗೆ ನಡುವಿಗಿಂತ ಮೂಲೆಗಳು ಎಲೆಕ್ಟ್ರಾನ್ ಗನ್ನಿಗೆ ಹೆಚ್ಚು ದೂರವಾದವು. ಮೂಲೆಯಲ್ಲಿ ಚಿತ್ರ ಮಸುಕಾಗದಿರಲು ಫೋಕಸ್ ವೋಲ್ಟೇಜನ್ನು ಪ್ರತಿ ಗೆರೆಗೂ ನೂರಾರು ವೋಲ್ಟ್ ಏರಿಸಿ ಇಳಿಸಬೇಕಿತ್ತು. ಡೈನಾಮಿಕ್ ಫೋಕಸ್ ಅಂತಾರೆ. ಸ್ಯಾನ್ಯೋದ 2ಎಸ್‌ಎ1968, ತೋಷಿಬಾದ 2ಎಸ್‌ಸಿ4686 ಇವೆಲ್ಲ ಆ ಕೆಲಸಕ್ಕೆ ಹುಟ್ಟಿದವು. ಹೆಡ್‌ಫೋನಿನವರು ಬರೀ ಪಕ್ಕದ ಎಲೆಯವರು. ಎಲ್‌ಸಿಡಿ ಬಂತು, ಡಬ್ಬಾ ಟಿವಿ ಹೋಯಿತು. ಸ್ಯಾನ್ಯೋದ ಸೆಮಿಕಂಡಕ್ಟರ್ ವಿಭಾಗವನ್ನು 2011ರಲ್ಲಿ ಆನ್ ಸೆಮಿಕಂಡಕ್ಟರ್ ಕೊಂಡುಕೊಂಡಿತು. ಜಗತ್ತಿನಲ್ಲಿ ಉಳಿದಿರುವ ಗಿರಾಕಿಗಳು ನಾವು ಕೆಲವೇ ಮಂದಿ. ನಮಗೋಸ್ಕರ ಯಾರು ಫ್ಯಾಕ್ಟರಿ ನಡೆಸುತ್ತಾರೆ? ಹಾಗಿದ್ದೂ ಯಾರೋ ಬೇಕಾದಷ್ಟು, ಅದೂ ಅಗ್ಗಕ್ಕೆ ಕೊಡುತ್ತಿದ್ದಾರೆ ಅಂದರೆ ಯೋಚನೆ ಮಾಡಿ.

ನಾನು ಯೋಚನೆ ಮಾಡಿರಲಿಲ್ಲ. ಇಪ್ಪತ್ತು ಪೀಸ್ ತರಿಸಿದೆ. ನೋಡಲು ಚೆನ್ನಾಗಿಯೇ ಇದ್ದವು. ಸ್ವಲ್ಪ ಜಾಸ್ತಿಯೇ ಚೆನ್ನಾಗಿದ್ದವು. ಅಷ್ಟು ಹಳೆಯ ಮಾಲಿಗೆ ಕಾಲುಗಳು ಅಷ್ಟು ಹೊಳೆಯಬಾರದು. ಇಪ್ಪತ್ತರ ಮೇಲೂ ಅಕ್ಷರ ಅಚ್ಚುಕಟ್ಟಾಗಿ ಒಂದೇ ಬಿಳುಪಿನಲ್ಲಿತ್ತು. ಬೋರ್ಡಿಗೆ ಹಾಕಿದೆ. ವೇರಿಯಾಕ್‌ನಲ್ಲಿ, ಅಂದರೆ ಮೇನ್ಸ್ ವೋಲ್ಟೇಜ್ ಏರಿಸಿ ಇಳಿಸುವ ಟ್ರಾನ್ಸ್‌ಫಾರ್ಮರ್‌ನಲ್ಲಿ, ನಿಧಾನವಾಗಿ ವೋಲ್ಟೇಜ್ ಏರಿಸಿದೆ. ಎರಡೂ ಬದಿ 170 ವೋಲ್ಟ್ ದಾಟುತ್ತಿದ್ದ ಹಾಗೆ ಎಡ ಚಾನೆಲ್‌ನಿಂದ ಪಟ್ ಅಂತ ಸದ್ದು, ಆಮೇಲೆ ಆ ವಾಸನೆ. ಒಂದು ಟ್ರಾನ್ಸಿಸ್ಟರ್ ಹೋಗಿದ್ದರೆ ಬೇಜಾರಿರಲಿಲ್ಲ. ಹೋಗುವಾಗ ಇನ್‌ಪುಟ್ ಕಡೆಯ ಜೋಡಿ ಜೆಫೆಟ್ಟನ್ನೂ (ಅದೂ ಒಂದು ಜಾತಿಯ ಟ್ರಾನ್ಸಿಸ್ಟರ್) ಕರೆದುಕೊಂಡು ಹೋಯಿತು. ಅದು ಅಸಲಿ, ಕೊನೆಯ ಜೋಡಿ.

ಉಳಿದವುಗಳಲ್ಲಿ ಒಂದನ್ನು ತೆಗೆದುಕೊಂಡು ಹತ್ತಿಗೆ ಅಸಿಟೋನ್ ಹಾಕಿ ಉಜ್ಜಿದೆ. ಹತ್ತಿ ಕಪ್ಪಾಯಿತು. ಮೇಲಿನ ಬಣ್ಣದ ಪದರ ಕಿತ್ತು ಬಂತು, ಅಡಿಯಲ್ಲಿ ಮರಳು ಕಾಗದದ ಸಣ್ಣ ಗೀರುಗಳು. ಹಳೆಯ ನಂಬರ್ ಕೆರೆದು, ಬಣ್ಣ ಬಳಿದು, ಹೊಸ ನಂಬರ್ ಹೊಡೆದಿದ್ದರು. ಮೆಗ್ಗರ್ ಹಾಕಿ ನೋಡಿದರೆ ಯಾವುದೂ 350 ವೋಲ್ಟ್ ದಾಟಲಿಲ್ಲ. 900 ವೋಲ್ಟಿನದು ಅಂತ ಕೊಟ್ಟಿದ್ದು! ದುಡ್ಡು ವಾಪಸ್ ಕೇಳಿದೆ. "ನೀವು ಹಾಕಿದ್ದೇ ತಪ್ಪು" ಅಂತ ಉತ್ತರ ಬಂತು.

ಈ ಮೆಗ್ಗರ್ ಪರೀಕ್ಷೆ ನೀವೂ ಕಲಿತುಕೊಳ್ಳಿ. ಕಷ್ಟ ಏನಿಲ್ಲ. ವೈರಿಂಗ್ ಇನ್ಸುಲೇಷನ್ ನೋಡುವ ಮಾಮೂಲಿ ಮೀಟರ್ ಸಾಕು, ಅದು ಕೊಡುವ ಕರೆಂಟ್ ಒಂದೆರಡು ಮಿಲಿಆಂಪ್ ಅಷ್ಟೇ. ಟ್ರಾನ್ಸಿಸ್ಟರಿಗೆ ಎಮಿಟರ್, ಬೇಸ್, ಕಲೆಕ್ಟರ್ ಅಂತ ಮೂರು ಕಾಲು. ಎಮಿಟರ್ ಕಾಲು ಖಾಲಿ ಬಿಡಿ. ಇದು ಪಿಎನ್‌ಪಿ, ಅಂದರೆ ಪ್ಲಸ್ ಮೈನಸ್ ಉಲ್ಟಾ ಇರುವ ಜಾತಿ, ಹಾಗಾಗಿ ಬೇಸ್‌ಗೆ ಪ್ಲಸ್, ಕಲೆಕ್ಟರ್‌ಗೆ ಮೈನಸ್. ಹಲವು ಮೆಗ್ಗರ್‌ಗಳಲ್ಲಿ ಲೈನ್ ಅಂತ ಬರೆದಿರುವ ತುದಿಯೇ ಮೈನಸ್ ಇರುತ್ತದೆ, ನೋಡಿಕೊಳ್ಳಿ. ಸೊನ್ನೆ ತೋರಿಸಿದರೆ ವೈರ್ ಅದಲುಬದಲು ಮಾಡಿ. ಮೊದಲು 250, ಆಮೇಲೆ 500 ವೋಲ್ಟ್. ಗುಂಡಿ ಒತ್ತಿ, ಒಂದು ಕ್ಷಣ ನೋಡಿ, ಬಿಡಿ. ಅಸಲಿ ಮಾಲು 500ರಲ್ಲೂ ಮೀಟರಿನ ಕೊನೆಯ ಮೆಗಾಓಮ್ ತೋರಿಸಿ ಸುಮ್ನೆ ಕೂತಿರುತ್ತದೆ. ಇಲ್ಲಿ ಸೋತದ್ದು ನಕಲಿ, ಅನುಮಾನವೇ ಬೇಡ. ಆದರೆ ಗೆದ್ದ ಮಾತ್ರಕ್ಕೆ ಅಸಲಿ ಅಂತ ಆಗಲಿಲ್ಲ. 600 ವೋಲ್ಟಿನ ಬೇರೆ ಯಾವುದೋ ದಪ್ಪ ಟ್ರಾನ್ಸಿಸ್ಟರ್‌ಗೆ ಹೊಸ ಹೆಸರು ಹಾಕಿದ್ದರೆ ಅದೂ ಇಲ್ಲಿ ಪಾಸಾಗುತ್ತದೆ. ಆಂಪ್ ಒಳಗೆ ಹೋದ ಮೇಲೆ ಅದರ ಬಣ್ಣ ಬಯಲಾಗುತ್ತದೆ.

ಇನ್‌ಪುಟ್ ಜೆಫೆಟ್‌ಗಳ ಕಥೆಯೂ ಇದೇ. ತೋಷಿಬಾ 2ಎಸ್‌ಕೆ170 ನಿಲ್ಲಿಸಿಬಿಟ್ಟಿದೆ, ನಕಲಿ ಮಾತ್ರ ಹೋಲ್‌ಸೇಲಾಗಿ ಸಿಗುತ್ತದೆ. ಗೇಟ್ ಕಾಲನ್ನು ಸೋರ್ಸ್ ಕಾಲಿಗೆ ಸೇರಿಸಿ, 9 ವೋಲ್ಟ್ ಬ್ಯಾಟರಿ ಕೊಟ್ಟು ಕರೆಂಟ್ ಅಳೆಯಿರಿ. ಬಿಎಲ್ ದರ್ಜೆಯದು 6ರಿಂದ 12 ಮಿಲಿಆಂಪ್ ಒಳಗೆ ಬರಬೇಕು. ಕೆಲವು ನಕಲಿಗಳು ಇದನ್ನೂ ದಾಟುತ್ತವೆ. ಆಗ ಗೇಟಿಗೆ ಮೈನಸ್ 0.1 ವೋಲ್ಟ್ ಕೊಡಿ. ಅಸಲಿಯಾದರೆ ಕರೆಂಟ್ ಸುಮಾರು 2 ಮಿಲಿಆಂಪ್ ಇಳಿಯುತ್ತದೆ, ನಕಲಿಯಲ್ಲಿ ಅದರ ಕಾಲು ಭಾಗವೂ ಇಳಿಯುವುದಿಲ್ಲ. ಇಷ್ಟೆಲ್ಲ ಯಾಕೆ ಅನ್ನಿಸಿದರೆ ಅಮೆರಿಕದ ಲೀನಿಯರ್ ಸಿಸ್ಟಮ್ಸ್ ಇವತ್ತೂ ಮಾಡುವ ಎಲ್‌ಎಸ್‌ಕೆ170, ಅಥವಾ ಒಂದೇ ಕವಚದಲ್ಲಿ ಜೋಡಿ ಇರುವ ಎಲ್‌ಎಸ್‌ಕೆ389 ಹಾಕಿ. ಬೆಲೆ ಜಾಸ್ತಿ. ನಾನು ಈಗ ಅದನ್ನೇ ಹಾಕುತ್ತೇನೆ.

ಹಾಗಾದರೆ ಔಟ್‌ಪುಟ್‌ಗೆ ಏನು? ಇದಕ್ಕೆ ಒಳ್ಳೆಯ ಸುದ್ದಿ ಇದೆ. ಟಿವಿ ಹೋದರೂ ಸೋಲಾರ್ ಇನ್ವರ್ಟರ್, ಕಾರ್ಖಾನೆಯ ಪವರ್ ಸಪ್ಲೈ ಬಂದವು. ಅವುಗಳಿಗೋಸ್ಕರ ಸಿಲಿಕಾನ್ ಕಾರ್ಬೈಡ್ ಮಾಸ್‌ಫೆಟ್ ಅನ್ನುವ ಟ್ರಾನ್ಸಿಸ್ಟರ್‌ಗಳು ಬಂದವು. ವುಲ್ಫ್‌ಸ್ಪೀಡ್ ಕಂಪನಿಯ, ಅಂದರೆ ಹಿಂದಿನ ಕ್ರೀಯ, ಸಿ2ಎಂ1000170ಡಿ ಅನ್ನುವುದು 1700 ವೋಲ್ಟ್ ತಡೆಯುತ್ತದೆ. ಗಿಲ್‌ಮೋರ್ ಅವರದೇ ಕಾರ್ಬನ್ ಅನ್ನುವ ಸರ್ಕ್ಯೂಟ್ ಇದರ ಸುತ್ತ ಹೆಣೆದದ್ದು, ಹೆಸರೂ ಅಲ್ಲಿಂದಲೇ. ಕರೆಂಟ್ ಸೋರ್ಸ್‌ಗೆ, ಅಂದರೆ ಕರೆಂಟನ್ನು ಒಂದೇ ಸಮ ಇಡುವ ಭಾಗಕ್ಕೆ, ಲಿಟಲ್‌ಫ್ಯೂಸ್ ಕೈಯಲ್ಲಿರುವ ಇಕ್ಸಿಸ್‌ನ ಡಿಪ್ಲೀಷನ್ ಮಾಸ್‌ಫೆಟ್‌ಗಳಿವೆ, 1000 ವೋಲ್ಟಿನವೂ ಇವೆ. ಪಿಎನ್‌ಪಿ ಜಾಗ ಮಾತ್ರ ಇನ್ನೂ ತಲೆನೋವು. ಎಫ್‌ಝಡ್‌ಟಿ560ನಂಥ 500 ವೋಲ್ಟಿನವನ್ನು ಒಂದರ ಮೇಲೊಂದು ಕ್ಯಾಸ್ಕೋಡ್ ಮಾಡಿ ವೋಲ್ಟೇಜ್ ಹಂಚುವ ಬೋರ್ಡ್‌ಗಳನ್ನು ನೋಡಿ. ಟ್ಯೂಬ್ ಇಷ್ಟವಾದರೆ ಬ್ಲೂ ಹವಾಯಿ ಅನ್ನುವ ಸರ್ಕ್ಯೂಟ್ ಇದೆ. ಅದರ ಔಟ್‌ಪುಟ್‌ನಲ್ಲಿರುವ ಇಎಲ್34 ಇವತ್ತೂ ಹೊಸದಾಗಿ ತಯಾರಾಗುತ್ತದೆ. ಗಿಟಾರ್ ಆಂಪಿನವರ ಪುಣ್ಯ.

ಎಲ್ಲಿ ಕೊಳ್ಳಬೇಕು ಅನ್ನುವುದಕ್ಕೆ ನನ್ನದು ಒಂದೇ ನಿಯಮ. ಪಾರ್ಟ್ ಮಾಡುವ ಕಂಪನಿಯ ವೆಬ್‌ಸೈಟಿಗೆ ಹೋಗಿ, ಅಲ್ಲಿ ಅಧಿಕೃತ ವಿತರಕರ ಪಟ್ಟಿ ಇರುತ್ತದೆ. ಮೌಸರ್, ಡಿಜಿಕೀ, ಫಾರ್ನೆಲ್‌ನಂಥವರು ಅಲ್ಲಿ ಕಂಡರೆ ಅವರಿಂದಲೇ ತನ್ನಿ. ಅಲ್ಲಿ ಸ್ಟಾಕ್ ಇಲ್ಲವಾದರೆ ಸರ್ಕ್ಯೂಟ್ ಬದಲಾಯಿಸಿ, ಅಂಗಡಿ ಬದಲಾಯಿಸಬೇಡಿ. ಹಳೆಯ ಮಾನಿಟರ್ ಬೋರ್ಡಿನಿಂದ ನೀವೇ ಬಿಚ್ಚಿದ್ದಾದರೆ ಸರಿ, ಅದನ್ನು ನಾನೂ ಹಾಕಿದ್ದೇನೆ.

ಟ್ರಾನ್ಸಿಸ್ಟರ್ ಗಲಾಟೆಯಲ್ಲಿ ಎಲ್ಲರೂ ರೆಸಿಸ್ಟರ್ ಮರೆಯುತ್ತಾರೆ. ಕಾಲು ವ್ಯಾಟ್ ಮೆಟಲ್ ಫಿಲ್ಮ್ ಸಾಮಾನ್ಯವಾಗಿ 250 ವೋಲ್ಟ್‌ವರೆಗೆ ಮಾತ್ರ, ಬಿಸಿಯೇ ಆಗದಿದ್ದರೂ. ಫೀಡ್‌ಬ್ಯಾಕ್ ಜಾಗದಲ್ಲಿ, ಬಯಾಸ್ ಜಾಗದಲ್ಲಿ ಎರಡು ಮೂರನ್ನು ಸಾಲಾಗಿ ಹಾಕಿ. ಹುಕ್‌ಅಪ್ ವೈರ್ ಕೂಡ 300 ವೋಲ್ಟಿನದು ಬೇಡ, ಟೆಫ್ಲಾನ್ ಹಾಕಿ. ಹೀಟ್‌ಸಿಂಕ್‌ಗೆ ತೆಳು ಸಿಲಿಕೋನ್ ಪ್ಯಾಡ್ ನಂಬಬೇಡಿ. ತೂತು ಕೊರೆದಾಗ ಅಂಚಿನಲ್ಲಿ ಉಳಿಯುವ ಮುಳ್ಳಿನಂಥ ಚೂರು ಅದನ್ನು ಚುಚ್ಚಿಬಿಡುತ್ತದೆ. ಅಂಚನ್ನು ಬೆರಳಲ್ಲಿ ಸವರಿ ನೋಡಿ, ನುಣುಪು ಮಾಡಿ, ಸೆರಾಮಿಕ್ ಪ್ಯಾಡ್ ಹಾಕಿ.

ಈಗ ಜೀವದ ವಿಷಯ. ಇದನ್ನು ಓದದೆ ಮುಂದೆ ಹೋಗಬೇಡಿ. ಎರಡು ರೈಲ್, ಅಂದರೆ ಸಪ್ಲೈಯ ಪ್ಲಸ್ 400 ಮತ್ತು ಮೈನಸ್ 400ರ ದಾರಿಗಳ, ನಡುವೆ 800 ವೋಲ್ಟ್ ಇರುತ್ತದೆ. 470 ಮೈಕ್ರೋಫ್ಯಾರಡ್‌ನ ಒಂದು ಕೆಪಾಸಿಟರ್ 400 ವೋಲ್ಟಿನಲ್ಲಿ ಸುಮಾರು 38 ಜೂಲ್ ಇಟ್ಟುಕೊಂಡಿರುತ್ತದೆ. ಎದೆಯ ಮೂಲಕ ಹರಿದರೆ ಕೊಲ್ಲಬಹುದು. ಪ್ಲಗ್ ಕಿತ್ತ ಮೇಲೂ ಅದು ಅಲ್ಲೇ ಇರುತ್ತದೆ. ಪ್ರತಿ ಕೆಪಾಸಿಟರ್‌ಗೂ ಅದರ ಚಾರ್ಜ್ ಇಳಿಸುವ ಬ್ಲೀಡರ್ ರೆಸಿಸ್ಟರ್ ಹಾಕಿ. 220 ಕಿಲೋಓಮ್, 2 ವ್ಯಾಟ್, 500 ವೋಲ್ಟ್ ತಡೆಯುವಂಥದ್ದು. ಅದು ಹಾಕಿದರೂ 50 ವೋಲ್ಟಿಗೆ ಇಳಿಯಲು ಮೂರೂವರೆ ನಿಮಿಷ ಬೇಕು. ಬ್ಲೀಡರ್ ಸುಟ್ಟಿದ್ದರೆ ಗಂಟೆಗಟ್ಟಲೆ. ಅದಕ್ಕೇ ಪ್ರತಿ ಸಲ ಮೀಟರ್ ಇಟ್ಟು ನೋಡಿಯೇ ಕೈ ಹಾಕುತ್ತೇನೆ, ಎಡಗೈ ಜೇಬಿನಲ್ಲಿ. ಮೀಟರ್ ಮತ್ತು ಅದರ ವೈರ್ ಎರಡೂ 1000 ವೋಲ್ಟಿನವು. ಆಸಿಲೋಸ್ಕೋಪಿಗೆ ನೂರು ಪಟ್ಟು ಇಳಿಸುವ ಪ್ರೋಬ್. ಲೋಹದ ಪೆಟ್ಟಿಗೆಗೆ ಅರ್ಥ್ ಕಡ್ಡಾಯ. ರಾತ್ರಿ ಹನ್ನೊಂದರ ಮೇಲೆ ಮುಚ್ಚಳ ತೆಗೆಯುವುದಿಲ್ಲ, ಇದು ನನ್ನ ಸ್ವಂತ ಕಾನೂನು. ಗೋಡೆಯ 230 ವೋಲ್ಟ್ ಮೇನ್ಸ್‌ನಿಂದ ನಡೆಯುವ ಸಪ್ಲೈಯನ್ನೂ ನೀವು ಇದುವರೆಗೆ ಕಟ್ಟಿಲ್ಲ ಅಂತಾದರೆ ಇದು ಮುಂದಿನ ಪ್ರಾಜೆಕ್ಟ್ ಆಗುವುದು ಬೇಡ. ಸದ್ಯಕ್ಕೆ ಸ್ಟ್ಯಾಕ್ಸ್‌ನವರದೇ ಹಳೆಯ ಟ್ರಾನ್ಸ್‌ಫಾರ್ಮರ್ ಡಬ್ಬಿ ಎಸ್‌ಆರ್‌ಡಿ-7 ಥರದ್ದು, ನಿಮ್ಮ ಹೆಡ್‌ಫೋನಿನ ಬಯಾಸ್‌ಗೆ ಹೊಂದುವಂಥದ್ದು ಸಿಕ್ಕರೆ ಸ್ಪೀಕರ್ ಆಂಪಿಗೆ ಸಿಕ್ಕಿಸಿ ಕೇಳುತ್ತಿರಿ.

ಇನ್ನೊಂದು. ಕಟ್ಟಿ ಮುಗಿಸಿದ ದಿನ ಸಾಕೆಟ್‌ನಲ್ಲಿ ಬಯಾಸ್ ಅಳೆಯುತ್ತೀರಿ. ಮೀಟರ್ 387 ತೋರಿಸುತ್ತದೆ. ನಾನು ಅದನ್ನು ನೋಡಿ ಬಯಾಸ್ ಬೋರ್ಡನ್ನೇ ಎರಡು ಸಲ ಬಿಚ್ಚಿ ಕಟ್ಟಿದ್ದೆ. ಬೋರ್ಡಿನಲ್ಲಿ ತಪ್ಪೇನೂ ಇರಲಿಲ್ಲ. ಯಾರಾದರೂ ಮುಟ್ಟಿದರೆ ಅಪಾಯವಾಗದಿರಲಿ ಅಂತ ಬಯಾಸ್ ದಾರಿಯಲ್ಲಿ 5 ಮೆಗಾಓಮ್ ಇರುತ್ತದೆ. ಮೀಟರಿನ ಒಳಗೆ 10 ಮೆಗಾಓಮ್. ಎರಡೂ ಸೇರಿ 580ನ್ನು ಹಂಚಿಕೊಳ್ಳುತ್ತವೆ, ಮೂರರಲ್ಲಿ ಎರಡು ಪಾಲು ಮೀಟರಿಗೆ. ಅಷ್ಟೇ 387. ರೆಸಿಸ್ಟರ್‌ಗಿಂತ ಮುಂಚೆ, ಸಪ್ಲೈ ಕಡೆ ಅಳೆಯಿರಿ. ಆಂಪನ್ನು ಅರ್ಧ ಗಂಟೆ ಬಿಸಿಯಾಗಲು ಬಿಟ್ಟು ಔಟ್‌ಪುಟ್ ಆಫ್‌ಸೆಟ್, ಅಂದರೆ ಸಿಗ್ನಲ್ ಇಲ್ಲದಾಗಲೂ ಔಟ್‌ಪುಟ್‌ನಲ್ಲಿ ಉಳಿಯುವ ವೋಲ್ಟೇಜ್, ಹತ್ತು ವೋಲ್ಟಿನೊಳಗೆ ತನ್ನಿ. ಹೆಡ್‌ಫೋನ್ ಸಿಕ್ಕಿಸುವುದು ಆಮೇಲೆ.

ಆ ಹತ್ತರ ಪ್ಯಾಕ್ ಈಗಾಗಲೇ ಆರ್ಡರ್ ಮಾಡಿಬಿಟ್ಟಿದ್ದರೆ ಬಂದ ದಿನವೇ ಮೆಗ್ಗರ್ ಹಾಕಿ, ಮೀಟರಿನ ಫೋಟೋ ತೆಗೆದಿಟ್ಟುಕೊಳ್ಳಿ. ವಾಪಸ್ ಕಳಿಸುವ ಗಡುವು ಮುಗಿದ ಮೇಲೆ ಪರೀಕ್ಷೆ ಮಾಡಿದವನು ನಾನು.