ಮದುವೆಗೆ ಎರಡೇ ತಿಂಗಳು: ಹುಬ್ಬಿಗೆ ಮೈಕ್ರೋಬ್ಲೇಡಿಂಗ್ ಮಾಡಿಸಲಾ, ಟಿಂಟ್ ಸಾಕಾ?

ಐಬ್ರೋ ಮಾಡಿಸಿ ಮಾಡಿಸಿ ಹುಬ್ಬು ತೆಳ್ಳಗಾಗಿದೆ, ಮುಖದಲ್ಲಿ ಎಣ್ಣೆ ಜಾಸ್ತಿ, ದಿನಾ ಆಲೂರಿನಿಂದ ಹಾಸನಕ್ಕೆ ಸ್ಕೂಟಿಯಲ್ಲಿ ಓಡಾಟ, ಎರಡು ತಿಂಗಳಲ್ಲಿ ಮದುವೆ ಅಂತ ಬರೆದಿದ್ದೀರಿ. ಇಷ್ಟು ಗೊತ್ತಾದ ಮೇಲೆ ನನ್ನ ಉತ್ತರ ಸಲೀಸು: ಮದುವೆಗೆ ಟಿಂಟ್, ಅಂದರೆ ಹುಬ್ಬಿನ ಕೂದಲಿಗೆ ಹಚ್ಚುವ ಕೆಲವು ವಾರದ ಬಣ್ಣ, ಸಾಕು. ನಾನು ಹಾಸನದಲ್ಲಿ ಪಾರ್ಲರ್ ಇಟ್ಟಿದ್ದೇನೆ. ಟಿಂಟ್ ಹಾಕುತ್ತೇನೆ, ಮೈಕ್ರೋಬ್ಲೇಡಿಂಗ್ ಮಾಡುವುದಿಲ್ಲ. ಅದನ್ನೂ ಮನಸ್ಸಲ್ಲಿಟ್ಟುಕೊಂಡೇ ಓದಿ.

ಮೈಕ್ರೋಬ್ಲೇಡಿಂಗ್ ಅಂದರೆ ಸಣ್ಣ ಸೂಜಿಗಳ ಸಾಲಿರುವ ಕಡ್ಡಿಯಿಂದ ಚರ್ಮದಲ್ಲಿ ಕೂದಲಿನಷ್ಟು ತೆಳುವಾಗಿ ಗೀರಿ, ಒಳಗೆ ಬಣ್ಣ ಕೂರಿಸುವುದು. ಒಂಥರಾ ಹಚ್ಚೆಯೇ, ಸ್ವಲ್ಪ ಮೇಲುಮೇಲಿನ ಹಚ್ಚೆ. ಗೀರಿದ ಮೇಲೆ ಅದು ಗಾಯ ಅಲ್ವಾ? ಮೊದಲ ವಾರ ಹುಬ್ಬು ಕಡು ಕಪ್ಪಾಗಿ ಕಾಣುತ್ತದೆ. ಆಮೇಲೆ ಹಕ್ಕಳೆ ಕಟ್ಟಿ ಉದುರುತ್ತದೆ. ಉದುರಿದಾಗ ಬಣ್ಣವೂ ಹೋಯಿತೇನೋ ಅನ್ನುವಷ್ಟು ಮಸುಕಾಗುತ್ತದೆ. ನಿಜವಾದ ಬಣ್ಣ ಗೊತ್ತಾಗುವುದು 4ರಿಂದ 6 ವಾರಕ್ಕೆ. ಆಗ ಟಚ್-ಅಪ್, ಅಂದರೆ ಬಣ್ಣ ಕೂರದ ಕಡೆ ಇನ್ನೊಮ್ಮೆ ಗೀರುವುದು, ಮತ್ತೆ ಹಕ್ಕಳೆ. ನಿಮ್ಮ ಎರಡು ತಿಂಗಳು ಅಲ್ಲಿಗೇ ಮುಗಿಯಿತು.

ಇನ್ನು ವಾರ ಹತ್ತು ದಿನ ನೀರು, ಬೆವರು, ಬಿಸಿಲು, ಮೇಕಪ್ ಯಾವುದೂ ತಾಗಬಾರದು. ಹೆಲ್ಮೆಟ್ ಹಾಕಿಕೊಂಡು ಓಡಾಡುವವರಿಗೆ ಬೆವರು ತಪ್ಪಿಸಲು ಆಗುತ್ತಾ? ಟಚ್-ಅಪ್ ಆದ ವಾರವೇ ಅರಿಶಿನ ಶಾಸ್ತ್ರ ಬಂದರಂತೂ ಮುಗಿಯಿತು. ಅತ್ತಿಗೆ, ಚಿಕ್ಕಮ್ಮ, ಪಕ್ಕದ ಮನೆಯವರು ಎಲ್ಲ ಸೇರಿ ಎಣ್ಣೆ ಅರಿಶಿನ ಬಳಿದು ತಲೆ ಮೇಲೆ ನೀರು ಹುಯ್ಯುವಾಗ ‘ಹುಬ್ಬು ಮಾತ್ರ ಬಿಡಿ’ ಅಂದರೆ ಯಾರು ಕೇಳುತ್ತಾರೆ!

ಎಣ್ಣೆ ಚರ್ಮದಲ್ಲಿ ಆ ಗೀರುಗಳು ಬೇಗ ಹರಡಿ ಒಂದಕ್ಕೊಂದು ಸೇರಿಕೊಳ್ಳುತ್ತವೆ. ಅಂಥವರಿಗೆ ಮೆಷಿನ್‌ನಲ್ಲಿ ಚುಕ್ಕೆ ಚುಕ್ಕೆಯಾಗಿ ಮಾಡುವ ಪೌಡರ್ ಬ್ರೋ ವಾಸಿ. ಯಾವುದೇ ಆದರೂ ಸುಮಾರು ಒಂದರಿಂದ ಎರಡು ವರ್ಷ ಬರುತ್ತದೆ. ಆಮೇಲೆ ಪೂರ್ತಿ ಮಾಯವಾಗುತ್ತದೆ ಅಂದುಕೊಳ್ಳಬೇಡಿ. ಕೆಲವರಿಗೆ ಕೆಂಪಗೆ, ಕೆಲವರಿಗೆ ನೀಲಿ ಬೂದು ಬಣ್ಣದಲ್ಲಿ ಕಲೆ ಉಳಿಯುತ್ತದೆ. ಲೇಸರ್‌ನಲ್ಲಿ ತೆಗೆಸೋಣ ಅಂದರೆ, ಐರನ್ ಆಕ್ಸೈಡ್ ಇರುವ ಬಣ್ಣ ಲೇಸರ್ ತಾಗಿ ಇನ್ನಷ್ಟು ಕಪ್ಪಾಗುವುದೂ ಉಂಟು. ಬಸುರಿಯರು, ಹಾಲುಣಿಸುವವರು, ಗಾಯದ ಕಲೆ ಉಬ್ಬಿ ಬೆಳೆಯುವ ಮೈಯವರು, ರಕ್ತ ತೆಳು ಮಾಡುವ ಮಾತ್ರೆ ತಗೊಳ್ಳುವವರು ಇದರ ತಂಟೆಗೆ ಹೋಗದಿರುವುದೇ ಸರಿ.

ಟಿಂಟ್ ಕೂದಲ ಮೇಲೆ 3-4 ವಾರ ನಿಲ್ಲುತ್ತದೆ, ಚರ್ಮದ ಮೇಲೆ ಕೆಲವೇ ದಿನ. ಮದುವೆಗೆ ನಾಲ್ಕೈದು ದಿನ ಮುಂಚೆ ಹಾಕಿಸಿ. ಕೂದಲೇ ಇಲ್ಲದ ಜಾಗಕ್ಕೆ ಪೆನ್ಸಿಲ್ ಇದ್ದೇ ಇದೆ. ಲ್ಯಾಮಿನೇಷನ್ ಕೂಡ ಕೇಳಿರುತ್ತೀರಿ. ಅದು ಇರುವ ಕೂದಲನ್ನು ಮೇಲಕ್ಕೆ ನಿಲ್ಲಿಸುತ್ತದೆ ಅಷ್ಟೆ, ತೆಳು ಹುಬ್ಬಿಗೆ ನಾನು ಹೇಳುವುದಿಲ್ಲ.

ಒಂದು ವಿಷಯದಲ್ಲಿ ಮಾತ್ರ ನಾನು ಜಗಳಕ್ಕೇ ನಿಲ್ಲುತ್ತೇನೆ. ತಲೆಗೆ ಹಾಕುವ ಹೇರ್ ಡೈಯನ್ನೇ ಬ್ರಷ್‌ನಲ್ಲಿ ಅದ್ದಿ ಹುಬ್ಬಿಗೆ ಹಚ್ಚಿಕೊಳ್ಳುವವರು ನಮ್ಮ ಕಡೆ ಬಹಳ. ಆ ಪ್ಯಾಕೆಟ್ ತಿರುಗಿಸಿ ಸಣ್ಣಕ್ಷರ ಓದಿ: ಹುಬ್ಬಿಗೆ, ರೆಪ್ಪೆಗೆ ಹಚ್ಚಬಾರದು, ಕಣ್ಣು ಹೋಗಬಹುದು ಅಂತ ಎಚ್ಚರಿಕೆ ಇರುತ್ತದೆ. ಸುಮ್ನೆ ಹಾಕಿದ್ದಲ್ಲ, ಕಾನೂನೇ ಹಾಕಿಸಿದ್ದು. ‘ಕಪ್ಪು ಮೆಹಂದಿ’ ಅಂತ ಮಾರುವುದರಲ್ಲೂ ಎಷ್ಟೋ ಸಲ ಇರುವುದು ಹೇರ್ ಡೈಯಲ್ಲಿರುವ ಅದೇ ಪಿಪಿಡಿ ಅನ್ನುವ ರಾಸಾಯನಿಕ. ಅಸಲಿ ಗೋರಂಟಿ ಕೆಂಪಗೆ ಕಂದು ಬಣ್ಣ ಬರುತ್ತದೆಯೇ ಹೊರತು ಕಪ್ಪಾಗುವುದಿಲ್ಲ. ಟಿಂಟ್ ಆದರೂ ಅಷ್ಟೆ, ಮೊದಲು ಕಿವಿಯ ಹಿಂದೆ ಸ್ವಲ್ಪ ಹಚ್ಚಿಸಿಕೊಂಡು ಎರಡು ದಿನ ನೋಡಿ.

ಇದೆಲ್ಲದಕ್ಕಿಂತ ಮುಂಚೆ ಒಂದು ಕೆಲಸ. ಇವತ್ತಿನಿಂದ ಥ್ರೆಡ್ಡಿಂಗ್ ನಿಲ್ಲಿಸಿ. ಹುಬ್ಬಿನ ಕೂದಲು ಮತ್ತೆ ತುಂಬಲು ನಾಲ್ಕು ತಿಂಗಳಾದರೂ ಬೇಕು, ಆದರೆ ಎರಡು ತಿಂಗಳಲ್ಲೇ ಎಷ್ಟು ಬರುತ್ತದೆ ಅನ್ನುವುದು ಗೊತ್ತಾಗುತ್ತದೆ. ಹುಬ್ಬಿನ ಹೊರ ತುದಿ ಮಾತ್ರ ಖಾಲಿ ಇದ್ದು, ಸುಸ್ತು, ತಲೆಕೂದಲು ಉದುರುವುದೂ ಇದ್ದರೆ ಥೈರಾಯ್ಡ್ ಟೆಸ್ಟ್ ಮಾಡಿಸಿ. ಹಾಸನದ ಸರ್ಕಾರಿ ಆಸ್ಪತ್ರೆ ಹಿಮ್ಸ್‌ನಲ್ಲಿ ಚರ್ಮದ ಡಾಕ್ಟರಿಗೆ ತೋರಿಸಿದರೂ ಆಗುತ್ತದೆ.

ಮದುವೆ ಆದ ಮೇಲೂ ಮೈಕ್ರೋಬ್ಲೇಡಿಂಗ್ ಬೇಕು ಅನಿಸಿದರೆ, ನಿಮಗೆ ಬೇಕಾದ ಆಕಾರವನ್ನು ತಿಂಗಳುಗಟ್ಟಲೆ ಪೆನ್ಸಿಲ್‌ನಲ್ಲೇ ಬರೆದುಕೊಂಡು ಓಡಾಡಿ. ಬೇಜಾರಾಗಲಿಲ್ಲ ಅಂದರೆ ಮಾಡಿಸಿ. ತಿಂಗಳಿಗೊಮ್ಮೆ ಹೊರಗಿನಿಂದ ಬಂದು ಮಾಡಿ ಹೋಗುವವರಾದರೆ ಟಚ್-ಅಪ್ ದಿನ ಮೊದಲೇ ಗೊತ್ತು ಮಾಡಿಕೊಳ್ಳಿ. ಸೂಜಿಯ ಪ್ಯಾಕೆಟ್ ನಿಮ್ಮ ಕಣ್ಣೆದುರೇ ಒಡೆಯಬೇಕು. ಫೋಟೋ ತೋರಿಸಿದರೆ ಮಾಡಿದ ದಿನದ್ದು ಬೇಡ ಅನ್ನಿ, ಅದೇ ಹುಬ್ಬು ಒಂದು ವರ್ಷದ ಮೇಲೆ ಹೇಗಿದೆ ಅಂತ ತೋರಿಸಲು ಹೇಳಿ.